ಪ್ರಶ್ನೆಗಳ ಪಟ್ಟಿ ತೆಗೆದ ಮೇಲೆ

ರೋಗಿಯನ್ನು ವಿಚಾರಿಸುವ ಕ್ರಮವನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸಲು ನಾನು ಹಲವು ವರ್ಷಗಳಿಂದ ಕಂಪ್ಯೂಟರಿನ ಕಾಲ್ಪನಿಕ ರೋಗಿಗಳನ್ನು ಬಳಸುತ್ತಿದ್ದೇನೆ. ಎದೆನೋವೆಂದು ಬಂದ ಐವತ್ತೈದರ ವ್ಯಕ್ತಿ ಪರದೆಯ ಮೇಲಿದ್ದಾನೆ. ಪಕ್ಕದಲ್ಲಿ ಕೇಳಬಹುದಾದ ಪ್ರಶ್ನೆಗಳ ಪಟ್ಟಿಯಿದೆ. ‘ನೋವು ಬೆನ್ನಿನ ಕಡೆಗೂ ಹರಡುತ್ತದೆಯೇ?’ ಎಂಬ ಸಾಲನ್ನು ಒತ್ತಿ ‘ಹೌದು’ ಎಂಬ ಉತ್ತರ ಪಡೆದ ವಿದ್ಯಾರ್ಥಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆ ಸೀಳಿರಬಹುದೆಂದು ಸರಿಯಾಗಿಯೇ ಊಹಿಸಿ ಪೂರ್ತಿ ಅಂಕ ಗಳಿಸುತ್ತಾನೆ. ಆದರೆ ಆ ಪ್ರಶ್ನೆ ಹೊಳೆದದ್ದು ಅವನಿಗಲ್ಲ, ಪಟ್ಟಿ ಬರೆದ ನನಗೆ. ವಾರ್ಡಿನ ಹಾಸಿಗೆಯ ಪಕ್ಕದಲ್ಲಿ ಅಂತಹ ಪಟ್ಟಿಯನ್ನು ಯಾರೂ ತೂಗುಹಾಕಿರುವುದಿಲ್ಲ.

ಇದು ನನಗೆ ತಡವಾಗಿ ಅರಿವಾಯಿತು. ಪಟ್ಟಿಯನ್ನು ತೆಗೆದು, ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ಟೈಪ್ ಮಾಡುವಂತೆ ಬದಲಿಸಿದ ದಿನ, ಹಿಂದಿನ ವಾರ ಚುರುಕಾಗಿ ರೋಗವನ್ನು ಹೆಸರಿಸಿದ್ದವರೇ ನಾಲ್ಕೈದು ಪ್ರಶ್ನೆಗಳ ನಂತರ ಸುಮ್ಮನೆ ಕುಳಿತರು. (ತಂತ್ರಾಂಶವೂ ತೊಡಕಿಲ್ಲದ್ದೇನಲ್ಲ, ‘ಧೂಮಪಾನ’ ಎಂದರೆ ತಿಳಿಯುತ್ತಿದ್ದ ಅದಕ್ಕೆ ‘ಸಿಗರೇಟು ಸೇದುತ್ತೀರಾ?’ ಎಂಬುದು ಅರ್ಥವಾಗುತ್ತಿರಲಿಲ್ಲ.) ಯಾರಿಗೆ ಯಾವ ಪ್ರಶ್ನೆ ಹೊಳೆಯಲಿಲ್ಲವೆಂಬುದನ್ನು ಬರೆದಿಟ್ಟುಕೊಂಡು ಮರುದಿನದ ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಿದೆ.

ಹೃದಯದ ಶಬ್ದಗಳ ಪಾಠವೂ ಹೀಗೆಯೇ. ಒಂದು ಮರ್ಮರವನ್ನು, ಅಂದರೆ ಹೃದಯದ ಬಡಿತಗಳ ನಡುವೆ ಕೇಳಿಬರುವ ಹೆಚ್ಚುವರಿ ಸದ್ದನ್ನು, ನೂರು ಬಾರಿ ಕೇಳುವ ಅವಕಾಶವನ್ನು ಯಾವ ರೋಗಿಯೂ ಕೊಡಲಾರ. ಆ ಮಟ್ಟಿಗೆ ಧ್ವನಿಮುದ್ರಿಕೆಗಳಿಂದ ಆಗುವ ಉಪಕಾರ ದೊಡ್ಡದು. ಆದರೆ ಶಬ್ದದ ಜೊತೆಗೇ ಪರದೆಯಲ್ಲಿ ಇಸಿಜಿ ರೇಖೆಯೂ ಓಡುತ್ತಿದ್ದರೆ, ಮರ್ಮರವು ಹೃದಯ ಸಂಕುಚಿಸುವಾಗ ಬಂತೋ ಹಿಗ್ಗುವಾಗ ಬಂತೋ ಎಂಬುದನ್ನು ವಿದ್ಯಾರ್ಥಿ ಕಣ್ಣಿನಿಂದ ನಿರ್ಧರಿಸುತ್ತಾನೆ. ರೋಗಿಯ ಮುಂದೆ ನಿಂತಾಗ ಅದನ್ನು ಕತ್ತಿನ ನಾಡಿಯ ಮೇಲೆ ಬೆರಳಿಟ್ಟು ತಿಳಿಯಬೇಕಾಗುತ್ತದೆ. ಈಗ ಉತ್ತರ ಬರೆದ ಬಳಿಕವಷ್ಟೇ ರೇಖೆಯನ್ನು ತೋರಿಸುತ್ತೇನೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1994ರಲ್ಲಿ ಹೊರತಂದ, ಪುರುಷ ದೇಹವೊಂದರ 1 ಮಿಲಿಮೀಟರ್ ಅಂತರದ ಅಡ್ಡಸೀಳು ಚಿತ್ರಗಳನ್ನು ತೋರಿಸುವಾಗಲೂ ಅಂಗಗಳ ಹೆಸರುಗಳನ್ನು ಮೊದಲು ಮರೆಮಾಡುತ್ತೇನೆ.

ಶಸ್ತ್ರಚಿಕಿತ್ಸೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಅಭ್ಯಾಸ ಮಾಡಿಸುವ ಸಿಮ್ಯುಲೇಟರುಗಳು ಈ ವಿಷಯದಲ್ಲಿ ಮುಂದಿವೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾಗವಹಿಸಿದ್ದ 16 ತರಬೇತಿ ವೈದ್ಯರ ಪೈಕಿ, ಸಿಮ್ಯುಲೇಟರಿನಲ್ಲಿ ಪಳಗಿದವರು ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ 29ರಷ್ಟು ವೇಗವಾಗಿ, ಕಡಿಮೆ ತಪ್ಪುಗಳೊಂದಿಗೆ ಮುಗಿಸಿದ್ದರು. ಅವರ ಅಭ್ಯಾಸಕ್ಕೆ ಗಂಟೆಗಳ ಲೆಕ್ಕವಿರಲಿಲ್ಲ. ಅನುಭವಿ ಶಸ್ತ್ರಚಿಕಿತ್ಸಕರ ಮಟ್ಟವನ್ನು ಮುಟ್ಟುವವರೆಗೆ ಮುಂದುವರಿಸಬೇಕಿತ್ತು. ನನ್ನ ಕಾಲ್ಪನಿಕ ರೋಗಿಗಳಿಗೂ ಈಗ ಅದೇ ನಿಯಮ: ಬಿಟ್ಟುಹೋದ ಪ್ರಶ್ನೆ ವಿದ್ಯಾರ್ಥಿಗೆ ತಾನಾಗಿ ಹೊಳೆಯುವವರೆಗೆ, ಅದೇ ಕಾಯಿಲೆಯ ಬೇರೊಬ್ಬ ರೋಗಿ ಮುಂದಿನ ವಾರ ಬೇರೆಯೇ ದೂರು ಹೇಳಿಕೊಂಡು ಪರದೆಗೆ ಬರುತ್ತಾನೆ.