ಎರಡೂವರೆ ಬಾತ್‌ರೂಮು

ಸೋಮವಾರ ಮನೆಯಲ್ಲಿ ವಾಟರ್ ಹೀಟರ್ ಕೈಕೊಟ್ಟಿತು. ಪ್ಲಂಬರ್ ಗುರುವಾರ ಬರ್ತೀನಿ ಅಂದ. ಹಾಗಾಗಿ ಜಿಮ್ಮಿನಲ್ಲೇ ಸ್ನಾನ. ಲಾಕರ್ ರೂಮಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಾಣುವ ಆಕೆ ಅವತ್ತೂ ಇದ್ದರು. ಐವತ್ತೈದು ದಾಟಿರಬಹುದು. ತೊಳೆದ ಕಾಲುಚೀಲಗಳನ್ನು ಕೈ ಒಣಗಿಸುವ ಮೆಷಿನ್ನಿನ ಕೆಳಗೆ ಹಿಡಿದುಕೊಂಡು, ಅದು ನಿಂತಾಗಲೆಲ್ಲ ಮೊಣಕೈಯಿಂದ ಗುಂಡಿ ಒತ್ತುತ್ತಿದ್ದರು. ಟ್ರೆಡ್‌ಮಿಲ್ ಹತ್ತಿರ ಅವರನ್ನು ಒಮ್ಮೆಯೂ ನೋಡಿಲ್ಲ.

"ಏನು, ಇವತ್ತು ನೀವೂ ಇಲ್ಲೇ ಸ್ನಾನವಾ?"

ಮನೆಯಲ್ಲಿ ಬಿಸಿನೀರಿಲ್ಲ ಅಂದೆ.

"ಎಷ್ಟು ಬಾತ್‌ರೂಮಿದೆ ನಿಮ್ಮನೇಲಿ?"

"ಎರಡೂವರೆ."

"ಆ ಅರ್ಧ ನನಗೆ ಬಾಡಿಗೆಗೆ ಕೊಡಿ. ಸ್ನಾನಕ್ಕೆ ಹೇಗೂ ಇಲ್ಲಿಗೇ ಬರ್ತೀನಲ್ಲ!"

ಇಲ್ಲಿ ಅಮೆರಿಕದ ಮನೆಗಳಲ್ಲಿ ಅರ್ಧ ಬಾತ್‌ರೂಮ್ ಅಂದರೆ ಕಮೋಡು, ಸಿಂಕು ಅಷ್ಟೇ, ಶವರ್ ಇರೋದಿಲ್ಲ. ಆಕೆ ಜೋರಾಗಿ ನಕ್ಕರು, ನಾನೂ ನಕ್ಕೆ. ಪಾರ್ಕಿಂಗಿಗೆ ಬಂದ ಮೇಲೆ ಆ ಜೋಕು ಎಷ್ಟು ಲೆಕ್ಕ ಹಾಕಿ ಹೇಳಿದ್ದು ಅಂತ ಹೊಳೆಯಿತು. ಒಳಗಿನಿಂದ ಹಾಕಿಕೊಳ್ಳಲು ಚಿಲಕ, ರಾತ್ರಿ ಎದ್ದರೆ ಕಮೋಡು, ಹಲ್ಲುಜ್ಜಲು ನಲ್ಲಿ. ಆಕೆ ಮಲಗುವ ಕಾರಿನಲ್ಲಿ ಇಲ್ಲದ್ದೆಲ್ಲ ನಮ್ಮ ಆ ಅರ್ಧದಲ್ಲಿದೆ. ನಾವು ಅದರಲ್ಲಿ ವ್ಯಾಕ್ಯೂಮ್ ಕ್ಲೀನರ್ ಇಟ್ಟಿದ್ದೇವೆ.

ಆಕೆ ಕೆಲಸವಿಲ್ಲದವರಲ್ಲ. ಯಾರದೋ ದೊಡ್ಡ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುತ್ತಾರೆ. ಬಾಡಿಗೆ ಏರಿತು, ಕಟ್ಟಲಾಗಲಿಲ್ಲ, ಕಾರು ಉಳಿಯಿತು. ನಮ್ಮ ಕ್ಯಾಲಿಫೋರ್ನಿಯಾದ ಸನ್ನಿವೇಲ್, ಮೌಂಟನ್ ವ್ಯೂ ಊರುಗಳ ಕಡೆ ಇಂಥವರು ಅಪರೂಪವಲ್ಲ. ಸ್ಯಾನ್ ಹೋಸೆಯಿಂದ ಪಾಲೊ ಆಲ್ಟೊಗೆ ಹೋಗುವ 22ನೇ ನಂಬರಿನ ಬಸ್ಸಿನಲ್ಲಿ ರಾತ್ರಿಯಿಡೀ ಅತ್ತಿಂದಿತ್ತ ಮಲಗಿಕೊಂಡೇ ಓಡಾಡುವವರಿದ್ದರು. ಜನ ಅದಕ್ಕೆ 'ಹೋಟೆಲ್ 22' ಅಂತಲೇ ಹೆಸರಿಟ್ಟಿದ್ದರು. 2024ರ ಜನವರಿಯ ಎಣಿಕೆಯಲ್ಲಿ ದೇಶದಾದ್ಯಂತ ಮನೆಯಿಲ್ಲದವರು 7,71,480. ಅದೇ ವರ್ಷದ ಜೂನ್‌ನಲ್ಲಿ, ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಊರಿನ ಕೇಸಿನಲ್ಲಿ, ಆಶ್ರಯ ಕೇಂದ್ರಗಳಲ್ಲಿ ಜಾಗವಿಲ್ಲದಿದ್ದರೂ ಬಯಲಲ್ಲಿ ಮಲಗಿದವರಿಗೆ ಊರಿನ ಆಡಳಿತ ದಂಡ ಹಾಕಬಹುದು ಅಂತ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಂದವರು ದಂಡ ಕಟ್ಟುತ್ತಾರಂತೆ!

ಸಂಜೆ ಈ ಕಥೆಯನ್ನು ನಮ್ಮ ಪರಿಚಯದ ಕನ್ನಡದವರೊಬ್ಬರ ಮನೆಯಲ್ಲಿ ಹೇಳಿದೆ. ಒಳ್ಳೆಯವರೇ, ಊಟ ಹಾಕದೆ ಯಾರನ್ನೂ ಕಳಿಸಿದವರಲ್ಲ. ಆದರೆ ಈ ವಿಷಯ ಬಂದರೆ ಅವರದು ಒಂದೇ ಮಾತು: "ಎಲ್ಲಾ ಡ್ರಗ್ಸು ರೀ. ದುಡಿಯೋರಿಗೆ ಈ ದೇಶದಲ್ಲಿ ಏನು ಕಮ್ಮಿ?" ಡ್ರಗ್ಸ್ ಇಲ್ಲ ಅಂತ ನಾನು ವಾದಿಸಲಿಲ್ಲ, ಬೀದಿಯಲ್ಲೇ ಡ್ರಗ್ಸ್ ಕಾಣುವ ಸ್ಯಾನ್ ಫ್ರಾನ್ಸಿಸ್ಕೊದ ಟೆಂಡರ್‌ಲಾಯ್ನ್ ಬಡಾವಣೆ ನೋಡಿದವರು ಹಾಗೆ ಹೇಳಲಾರರು. ಆದರೆ ಮೊಣಕೈಯಿಂದ ಗುಂಡಿ ಒತ್ತಿ ಕಾಲುಚೀಲ ಒಣಗಿಸಿಕೊಂಡು ಎಂಟಕ್ಕೆ ಡ್ಯೂಟಿಗೆ ಹೊರಡುವ ಹೆಂಗಸು ಇವರ ಲೆಕ್ಕದಲ್ಲಿ ಎಲ್ಲಿ ಸೇರುತ್ತಾರೆ? ಬೀದಿಯಲ್ಲಿ ಕಿರುಚಾಡುವವನು ಎಲ್ಲರಿಗೂ ಕಾಣುತ್ತಾನೆ. ಈಕೆ ಯಾರ ಕಣ್ಣಿಗೂ ಬೀಳಬಾರದು ಅಂತಲೇ ಜಿಮ್ಮಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ.

ಅದೇ ಪುಣ್ಯಾತ್ಮರು ಮರುದಿನ ವಾಟ್ಸಾಪಿನಲ್ಲಿ ಒಂದು ಅರ್ಜಿ ಕಳಿಸಿದರು. ನಮ್ಮ ರಸ್ತೆಯ ಕೊನೆಯಲ್ಲಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಬರುತ್ತದಂತೆ, ಅದನ್ನು ನಿಲ್ಲಿಸಬೇಕಂತೆ. ಟ್ರಾಫಿಕ್ಕು, ಪಾರ್ಕಿಂಗು, ಹಿತ್ತಲಿಗೆ ಬಿಸಿಲು ಬೀಳಲ್ಲ, ಹೀಗೆ ಕಾರಣಗಳು. ನಿಜವಾದ ಕಾರಣ ಅದರಲ್ಲಿ ಬರೆದಿರಲಿಲ್ಲ. ಮನೆಗಳು ಕಮ್ಮಿಯಿದ್ದಷ್ಟೂ ನಮ್ಮ ಮನೆಯ ರೇಟು ಏರುತ್ತದೆ. 1978ರ ಪ್ರಪೋಸಿಷನ್ 13 ಅನ್ನುವ ಕ್ಯಾಲಿಫೋರ್ನಿಯಾದ ಆಸ್ತಿ ತೆರಿಗೆ ಕಾನೂನಿನ ದಯೆಯಿಂದ ರೇಟು ಎಷ್ಟೇ ಏರಲಿ, ತೆರಿಗೆ ಹಾಕುವ ಬೆಲೆ ವರ್ಷಕ್ಕೆ ಎರಡು ಪರ್ಸೆಂಟಿಗಿಂತ ಹೆಚ್ಚು ಏರುವಂತಿಲ್ಲ. ನಮಗೆ ಎರಡೂ ಕಡೆ ಲಾಭ. ಆ ಲಾಭದ ಬಾಡಿಗೆ ಕಟ್ಟುವವರು ಬೇರೆಯವರು.

ಸಹಿ ಹಾಕುವುದಿಲ್ಲ ಅಂತ ಉತ್ತರ ಬರೆದೆ. "ನಿಮ್ಮನೆ ರೇಟೂ ಬೀಳುತ್ತೆ, ಯೋಚನೆ ಮಾಡಿ" ಅಂತ ತಕ್ಷಣ ಮೆಸೇಜ್ ಬಂತು. ಬೀಳಲಿ ಬಿಡಿ ಅಂದೆ. ಯಜಮಾನರು ಮಾತ್ರ ಇನ್ನೂ ಏನೂ ಹೇಳಿಲ್ಲ.