ಟ್ರಂಕಿನಲ್ಲಿ ಸಿಕ್ಕ ಮೂರು ವಿಶ್ವವಿದ್ಯಾಲಯಗಳು

ಮಗಳ ಇಂಜಿನಿಯರಿಂಗ್ ಸೀಟಿಗೆ 371ಜೆ ಸರ್ಟಿಫಿಕೇಟ್, ಅಂದರೆ ಕಲ್ಯಾಣ ಕರ್ನಾಟಕದವರಿಗಿರೋ ಮೀಸಲಾತಿಯ ಕಾಗದ, ಬೇಕಿತ್ತು. ನಾವು ಈ ಭಾಗದವರೇ ಅಂತ ತೋರಿಸೋ ಹಳೇ ಕಾಗದ ಹುಡುಕಬೇಕು, ನಮ್ಮ ಕಡೆಯ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರೋ ಕೆಲಸ ಇದು. ಹಾಗಾಗಿ ಒಂದು ಭಾನುವಾರ ಕಲಬುರಗಿಯ ಹಳೇ ಮನೆಯಲ್ಲಿ ಮುತ್ಯಾನ, ಅಂದರೆ ಅಜ್ಜನ, ತಗಡಿನ ಟ್ರಂಕು ತೆಗೆದೆವು. ಕಾಕಾ, ಅತ್ತೆ ಇಬ್ಬರೂ ಬಂದಿದ್ದರು. ಬೇಕಾದ ಕಾಗದ ಬೇಗ ಸಿಕ್ಕಿತು. ಆದರೆ ಊಟದ ಹೊತ್ತಾದರೂ ಯಾರೂ ಏಳಲಿಲ್ಲ.

ಮೊದಲು ಸಿಕ್ಕಿದ್ದು ಮುತ್ಯಾನ ಬಿಎ ಕಾಗದ. ಉಸ್ಮಾನಿಯಾ ವಿಶ್ವವಿದ್ಯಾಲಯದ್ದು, ಉರ್ದುವಿನಲ್ಲಿದೆ. ಮಗಳು ಅದನ್ನ ತಿರುಗಿಸಿ ತಿರುಗಿಸಿ ನೋಡಿದಳು, ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಕಾಕಾ ಬೆರಳಿಟ್ಟು ಬಲದಿಂದ ಎಡಕ್ಕೆ ಮುತ್ಯಾನ ಹೆಸರು ಓದಿ ತೋರಿಸಿದರು. ಆಗ ನಮ್ಮದು ನಿಜಾಮರ ರಾಜ್ಯ. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಮಾತಾಡೋ ಹುಡುಗ ಹೈದರಾಬಾದಿಗೆ ಹೋಗಿ ಚರಿತ್ರೆ, ಅರ್ಥಶಾಸ್ತ್ರ ಎಲ್ಲಾ ಉರ್ದುವಿನಲ್ಲಿ ಕಲಿತು ಬಂದಿದ್ದರು. ಎಷ್ಟು ಕಷ್ಟಪಟ್ಟಿರಬೇಕು ಅಲ್ವಾ?

1956ರಲ್ಲಿ ರಾಜ್ಯ ಒಂದಾದ ಮೇಲೆ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಕಾಕಾ ಎಂಎಸ್ಸಿ ಮಾಡಿದ್ದು ಅಲ್ಲೇ. ಅವರ ಸರ್ಟಿಫಿಕೇಟಿನ ಲಾಂಛನದಲ್ಲಿ ‘ಅರಿವೇ ಗುರು’ ಅಂತಿದೆ. ನಮ್ಮ ಕಲ್ಯಾಣದ ಶರಣರ ಮಾತು, ನೋಡಿ ಖುಷಿಯಾಯಿತು. ಭಾಷೆ ಹತ್ತಿರವಾಯಿತು, ಊರು ಮಾತ್ರ ದೂರವೇ ಉಳಿಯಿತು.

ಆ ದೂರ ಯಾರಿಗೆ ಹೆಚ್ಚು ಬಿತ್ತು ಅನ್ನೋದನ್ನ ಅತ್ತೆ ಹೇಳಿದರು. ಅವರು ಬಿಎ ಮುಗಿಸಿ ಮನೆಯಲ್ಲಿ ಕೂತಿದ್ದರು. ಧಾರವಾಡಕ್ಕೆ ಹೆಣ್ಣುಮಗಳನ್ನ ಕಳಿಸೋ ಮಾತೇ ಮನೆಯಲ್ಲಿ ಏಳಲಿಲ್ಲ. ಅಷ್ಟರಲ್ಲಿ, 1970ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಗುಲ್ಬರ್ಗದಲ್ಲೇ ಸ್ನಾತಕೋತ್ತರ ಕೇಂದ್ರ ತೆರೆಯಿತು. ‘ಮುಂಜಾನೆ ಹೋಗಿ ಸಂಜಿಗಿ ಮನಿಗೆ ಬರ್ತಾಳ ಅಂದಾಗ ಅಪ್ಪಾ ಹೂಂ ಅಂದ್ರು ನೋಡ್’ ಅಂದರು. ನಮ್ಮ ಮನೆತನದಲ್ಲಿ ಎಂಎ ಮಾಡಿದ ಮೊದಲ ಹೆಣ್ಣುಮಗಳು ಅವರು. ಅವರ ಸರ್ಟಿಫಿಕೇಟ್ ಕೈಗೆತ್ತಿಕೊಂಡು ನೋಡಿದೆ: ಅದೂ ‘ಅರಿವೇ ಗುರು’ವೇ. ಓದಿದ್ದು ಮನೆಯಿಂದ, ಪದವಿ ಧಾರವಾಡದ್ದು.

ನಮ್ಮೂರಿನ ವಿಶ್ವವಿದ್ಯಾಲಯ ಶುರುವಾಗಿದ್ದೇ 1970ರ ಆ ಕೇಂದ್ರದಿಂದ ಅನ್ನೋದು ಅತ್ತೆಯ ಲೆಕ್ಕ. ಕಾಕಾ ಒಪ್ಪಲಿಲ್ಲ. ಅವರ ಪ್ರಕಾರ ಗುಲ್ಬರ್ಗ ವಿಶ್ವವಿದ್ಯಾಲಯ ಹುಟ್ಟಿದ್ದು 1980ರ ಸೆಪ್ಟೆಂಬರ್ 10ರಂದು. ಗುಲ್ಬರ್ಗ, ಬೀದರ್, ರಾಯಚೂರು, ಬಳ್ಳಾರಿ ನಾಲ್ಕು ಜಿಲ್ಲೆಗೆ ಸ್ವಂತ ಪರೀಕ್ಷೆ, ಸ್ವಂತ ಪದವಿ ಬಂದಿದ್ದು ಆವತ್ತು. ಅದಕ್ಕೂ ಮುಂಚಿನದು ಬೇರೆಯವರ ಶಾಖೆ ಅಷ್ಟೇ ಅಂತ ಅವರ ವಾದ. ಅದರಲ್ಲೂ ತೂಕವಿದೆ. ಪೇಪರ್ ಯಾರು ತೆಗೀಬೇಕು, ಏನು ಓದಿಸಬೇಕು ಅನ್ನೋದು ಇಲ್ಲೇ ತೀರ್ಮಾನ ಆಗೋದು ಸಣ್ಣ ವಿಷಯವಲ್ಲ. ನಾನು ಜ್ಞಾನಗಂಗಾ ಕ್ಯಾಂಪಸ್ಸಿನ ಆ 860 ಎಕರೆಯಲ್ಲಿ ಎಂಎ ಓದುವಾಗ ಇದೆಲ್ಲ ಯಾವಾಗಲೂ ಇಲ್ಲೇ ಇತ್ತು ಅನ್ನೋ ಹಾಗೇ ಓಡಾಡಿಕೊಂಡಿದ್ದೆ.

ಆದರೂ ನಾನು ಅತ್ತೆ ಕಡೆ. ಬರೀ 1980ರಿಂದ ಲೆಕ್ಕ ಹಿಡಿದರೆ ಅತ್ತೆಯಂಥವರು ಕಥೆಯಿಂದಲೇ ಬಿಟ್ಟುಹೋಗುತ್ತಾರೆ. ಮುಂದೆ ಬೇರೆ ಕಡೆ ಆಗಿದ್ದೂ ಹಾಗೆಯೇ. ಗುಲ್ಬರ್ಗ ವಿಶ್ವವಿದ್ಯಾಲಯ ಬಳ್ಳಾರಿ, ರಾಯಚೂರು, ಬೀದರ್‌ನ ಹಾಲಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರ ನಡೆಸಿತು, ಈಗ ಆ ಮೂರೂ ಕಡೆ ಬೇರೆ ವಿಶ್ವವಿದ್ಯಾಲಯಗಳಿವೆ. ಮೊದಲು ಕೇಂದ್ರ, ಆಮೇಲೆ ವಿಶ್ವವಿದ್ಯಾಲಯ ಮಾಡೋ ಕಾನೂನು.

1970ರಿಂದ 1980ರವರೆಗಿನ ಆ ಹತ್ತು ವರ್ಷದಲ್ಲಿ ಓದಿದವರಿಗೆ ಈಗ ಎಪ್ಪತ್ತರ ಆಸುಪಾಸು. ಅವರ ಅಂಕಪಟ್ಟಿ, ಗ್ರೂಪ್ ಫೋಟೋ ನಮ್ಮೂರಿನ ಇನ್ನೂ ಎಷ್ಟೋ ಟ್ರಂಕುಗಳಲ್ಲಿ ಇರಬೇಕು. ಅತ್ತೆಯ ಮಾತನ್ನ ನಾನು ಫೋನಿನಲ್ಲಿ ರೆಕಾರ್ಡ್ ಮಾಡೋಕೆ ಶುರು ಮಾಡಿದ್ದೇನೆ. ಮುಂದಿನ ವಾರ ಅವರ ಜೊತೆ ಓದಿದ, ಯಾದಗಿರಿಯಲ್ಲಿರೋ ಗೆಳತಿಯ ಮನೆಗೆ ಹೋಗುತ್ತಿದ್ದೇವೆ.