ಮೀನು ಮೂತಿಯ ಕಲ್ಲುಗಳ ಊರಲ್ಲಿ

ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಿಂದ ಬೆಳಿಗ್ಗೆ ಬೇಗ ಹೊರಟೆವು. ಡಾನ್ಯೂಬ್ ನದಿಯ ದಡ ಹಿಡಿದು ಪೂರ್ವಕ್ಕೆ ಹೋಗುವಾಗ ದಾರಿಯಲ್ಲಿ ಗೋಲುಬಾಟ್ಸ್ ಕೋಟೆ ಸಿಗುತ್ತದೆ. ಅಲ್ಲಿ ಅರ್ಧ ಗಂಟೆ ಫೋಟೋ ತೆಗೆದು ಮುಂದೆ ಹೋದೆವು, ಏಕೆಂದರೆ ನಮಗೆ ಬೇಕಿದ್ದದ್ದು ಲೆಪೆನ್ಸ್ಕಿ ವೀರ್ ಎಂಬ ಶಿಲಾಯುಗದ ಊರು. ಸರ್ಬಿಯನ್ ಭಾಷೆಯಲ್ಲಿ ವೀರ್ ಅಂದರೆ ನೀರಿನ ಸುಳಿ. ನಮ್ಮ ವೀರನಿಗೂ ಇದಕ್ಕೂ ಸಂಬಂಧವಿಲ್ಲ.

ಕಾರು ನಿಲ್ಲಿಸಿ ಮರಗಳ ನಡುವಿನ ದಾರಿಯಲ್ಲಿ ಕೆಳಗಿಳಿದರೆ ಗಾಜು, ಉಕ್ಕಿನ ದೊಡ್ಡ ಸೂರು. 2011ರಲ್ಲಿ ಕಟ್ಟಿದ್ದು. ಅದರಡಿ ಒಂದು ಇಡೀ ಊರೇ ಇದೆ, ಸುಮಾರು ಎಂಟು ಸಾವಿರ ವರ್ಷ ಹಳೆಯದು. ಡ್ರಾಗೊಸ್ಲಾವ್ ಸ್ರೆಯೊವಿಚ್ ಎಂಬ ಪುರಾತತ್ವ ತಜ್ಞರು 1965ರಿಂದ 1970ರವರೆಗೆ ಇಲ್ಲಿ ಅಗೆದರು. ಆಗಲೇ ನದಿಯ ಕೆಳಭಾಗದಲ್ಲಿ ಅಣೆಕಟ್ಟಿನ ಕೆಲಸವೂ ನಡೆದಿತ್ತು. ಊರು ಮುಳುಗುತ್ತದೆ ಅಂತ ಗೊತ್ತಾಗಿ, ಮನೆಗಳ ನೆಲವನ್ನೇ ಎತ್ತಿ ಸುಮಾರು 30 ಮೀಟರ್ ಮೇಲೆ ತಂದು ಕೂರಿಸಿದರು. ಕೆಆರ್‌ಎಸ್ ಹಿನ್ನೀರಿನ ಕನ್ನಂಬಾಡಿ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಎತ್ತರದ ಜಾಗಕ್ಕೆ ತಂದು ಕಟ್ಟಿದರಲ್ಲ, ಹಾಗೆ. ಆದರೆ ಅದು ಕಲ್ಲಿನ ಗುಡಿ, ಇದು ಬರೀ ನೆಲ!

ಆ ನೆಲವನ್ನು ನೋಡಿಯೇ ನಾನು ನಿಂತುಬಿಟ್ಟೆ. ಕೆಂಪಗಿದೆ. ಸುಣ್ಣದ ಗಾರೆ ಹಾಕಿ ಗಟ್ಟಿ ಮಾಡಿದ್ದು. "ಲೋ, ನಮ್ಮಜ್ಜಿ ಮನೆ ನೆಲ ಕಣೋ ಇದು" ಅಂದ ಗೆಳೆಯ. ನಿಜವಾಗಿ ಹಾಗೇ ಇತ್ತು, ಬರಿಗಾಲಲ್ಲಿ ನಡೆದರೆ ತಣ್ಣಗಿರುತ್ತೇನೋ ಅನಿಸಿತು. ಕಟಕಟೆಯ ಆಚೆಗೆ ಕಾಲಿಡುವ ಹಾಗಿಲ್ಲ, ಬಿಡಿ.

ಮನೆಗಳ ಆಕಾರ ವಿಚಿತ್ರ. ತುದಿ ಕತ್ತರಿಸಿದ ತ್ರಿಕೋನದಂತೆ, ಅಗಲದ ಬದಿ ಎಲ್ಲವೂ ನದಿಗೆ ಮುಖ ಮಾಡಿವೆ. ನದಿಯ ಆಚೆ, ರೊಮೇನಿಯಾ ಕಡೆ, ಟ್ರೆಸ್ಕಾವಾಟ್ಸ್ ಅನ್ನುವ ಬಂಡೆಗುಡ್ಡ ಇದೆ, ಅದರ ತಲೆಯೂ ಇದೇ ಆಕಾರ. ಅದನ್ನು ನೋಡಿಕೊಂಡೇ ಮನೆ ಕಟ್ಟಿದರು ಅಂತ ಹೇಳುವವರಿದ್ದಾರೆ. ಗಾಜಿನಾಚೆ ಆ ಗುಡ್ಡ ಕಂಡ ಮೇಲೆ ನಾನೂ ಅದೇ ಪಕ್ಷ.

ಪ್ರತಿ ಮನೆಯ ನಡುವೆ ಕಲ್ಲು ಕಟ್ಟಿದ ಉದ್ದನೆಯ ಒಲೆ. ಅದರ ಹತ್ತಿರವೇ ಶಿಲ್ಪಗಳನ್ನು ಇಡುತ್ತಿದ್ದರಂತೆ. ಶಿಲ್ಪ ಅಂದರೆ ಬೇಲೂರು ಹಳೇಬೀಡು ನೆನೆಸಿಕೊಳ್ಳಬೇಡಿ. ನದಿಯಲ್ಲಿ ಉರುಳಿ ದುಂಡಗಾದ ಮರಳುಗಲ್ಲು, ಅಷ್ಟೇ. ಮೇಲ್ಗಡೆ ಎರಡು ಗುಂಡು ಕಣ್ಣು, ದಪ್ಪ ತುಟಿ, ಕೆಳಕ್ಕೆ ಜೋತು ಬಿದ್ದ ಬಾಯಿ. ಅರ್ಧ ಮನುಷ್ಯ, ಅರ್ಧ ಮೀನು. ನೀರಿನಿಂದ ಈಗಷ್ಟೇ ತಲೆ ಎತ್ತಿ, ಗಾಳಿ ಸಿಗದೆ ಕಂಗಾಲಾದ ಹಾಗೆ. ಒಂದಕ್ಕೆ 'ಮೂಲತಾಯಿ' ಎಂಬರ್ಥದ ಹೆಸರಿಟ್ಟಿದ್ದಾರೆ. ಹೊಟ್ಟೆಯ ಮೇಲೆ ಎರಡು ಕೈ, ಉಗುರಿನಂಥ ಬೆರಳು. ಸುಮ್ನೆ ನೋಡುತ್ತಾ ನಿಂತರೆ ಸ್ವಲ್ಪ ಹೆದರಿಕೆಯೇ ಆಗುತ್ತದೆ. ಬೆಲ್‌ಗ್ರೇಡಿನ ರಾಷ್ಟ್ರೀಯ ಮ್ಯೂಸಿಯಂನಲ್ಲೂ ಇಲ್ಲಿನ ಶಿಲ್ಪಗಳಿವೆ, ಅದನ್ನು ಬಿಡಬೇಡಿ.

ಇನ್ನೊಂದು ಮಾತು. ಇಲ್ಲಿ ಸತ್ತವರನ್ನು ಮನೆಯೊಳಗೇ ಹೂಳುತ್ತಿದ್ದದ್ದುಂಟು, ಹಸುಗೂಸುಗಳನ್ನಂತೂ ಆ ಕೆಂಪು ನೆಲದ ಕೆಳಗೇ. ಒಬ್ಬನನ್ನು ಚಕ್ಕಳಮಕ್ಕಳ ಹಾಕಿಸಿ ಕೂರಿಸಿ ಹೂತಿದ್ದಾರೆ, ಥೇಟ್ ಊಟಕ್ಕೆ ಎಲೆ ಮುಂದೆ ಕೂತ ಹಾಗೆ. ಅಜ್ಜಿ ಮನೆ ನೆಲ ಅಂದಿದ್ದ ಗೆಳೆಯ ಇದನ್ನು ಓದಿದ ಮೇಲೆ ಜಾಸ್ತಿ ಮಾತಾಡಲಿಲ್ಲ.

ಆ ಜನ ಹಿಡಿಯುತ್ತಿದ್ದ ಮೀನುಗಳಲ್ಲಿ ಸ್ಟರ್ಜನ್ ಕೂಡ ಒಂದು. ಮನುಷ್ಯನಿಗಿಂತ ಉದ್ದ ಬೆಳೆಯುವ ಇವು ಮೊಟ್ಟೆಯಿಡಲು ಕಪ್ಪು ಸಮುದ್ರದಿಂದ ಇಲ್ಲಿವರೆಗೂ ಈಜಿ ಬರುತ್ತಿದ್ದವು. ಅಣೆಕಟ್ಟು ಬಂದ ಮೇಲೆ ಆ ದಾರಿ ಮುಚ್ಚಿತು.

ಮಧ್ಯಾಹ್ನ ಡೋನಿ ಮಿಲನೋವಾಟ್ಸ್‌ನಲ್ಲಿ ಮೀನಿನ ಸಾರು ಕುಡಿದೆವು. ಕೆಂಪಗೆ ಇತ್ತು, ಖಾರ ಮಾತ್ರ ಇಲ್ಲ. ಬ್ಯಾಗಿನಿಂದ ಉಪ್ಪಿನಕಾಯಿ ಪ್ಯಾಕೆಟ್ ಹೊರಗೆ ಬಂತು.